ತೂಕದ ಯಂತ್ರ ಹೇಳದ ಮಾತು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರಲ್ಲ. ಲ್ಯಾಬ್ ಟೆಕ್ನಿಷಿಯನ್ ಆಗಿ ಮೂವತ್ತು ವರ್ಷ ಊರೂರಿನವರ ರಕ್ತ ತೆಗೆದವನು. ನನ್ನ ರಕ್ತ ಮಾತ್ರ ನೋಡಿಕೊಂಡಿರಲಿಲ್ಲ. ಯಾಕೆಂದರೆ ನಾನು ಸಣಕಲ. ಇದೇ ಶಾಲೆಯಲ್ಲಿ ನನಗೆ ‘ಕಡ್ಡಿ’ ಅನ್ನುತ್ತಿದ್ದರು. ಅಂದವರು ಇಲ್ಲೇ ಕೂತು ನಗುತ್ತಿದ್ದಾರೆ. ನಿವೃತ್ತಿಗೆ ಎರಡು ವರ್ಷ ಮೊದಲು ಕಾಲಿನ ಗಾಯ ಒಣಗಲಿಲ್ಲ. ಆಗ ನೋಡಿದರೆ ಸಕ್ಕರೆ 280.

ನನ್ನ ತೂಕ 62 ಕೆ.ಜಿ., ಎತ್ತರ 168 ಸೆಂ.ಮೀ. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿ.ಎಂ.ಐ. ಬರುತ್ತದೆ. ಲೆಕ್ಕದ ಮೇಷ್ಟ್ರು ಕ್ಷಮಿಸಲಿ, ನನ್ನದು ಸುಮಾರು 22. ಭಾರತೀಯರಿಗೆ 23ರ ಒಳಗಿದ್ದರೆ ಸರಿ ಎನ್ನುತ್ತಾರೆ. ಹಾಗಾದರೆ ಎಲ್ಲಿ ತಪ್ಪಿತು? ಸೊಂಟಕ್ಕೆ ಟೇಪು ಸುತ್ತಿದಾಗ ತಿಳಿಯಿತು: 94 ಸೆಂ.ಮೀ. ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ.

ತಕ್ಕಡಿಗೆ ಮಾಂಸ ಯಾವುದು, ಕೊಬ್ಬು ಯಾವುದು, ಮೂಳೆ ಯಾವುದು ಗೊತ್ತಾಗುವುದಿಲ್ಲ. ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಅಳತೆಯನ್ನೇ ಪ್ರಕಟಿಸಿದರು. ಇಬ್ಬರ ಬಿ.ಎಂ.ಐ.ಯೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ನಮ್ಮ ಯಾಜ್ಞಿಕರ ಮೈಯಲ್ಲಿ ಶೇ. 21.2! ಇದು ಹುಟ್ಟಿನಿಂದಲೇ ಬರುತ್ತದೆಯೋ ಏನೋ. 1997-98ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳನ್ನು ಅಳೆದರು. ಇಂಗ್ಲೆಂಡಿನ ಕೂಸುಗಳಿಗಿಂತ ತೂಕ ಕಡಿಮೆ, ಉದ್ದ ಕಡಿಮೆ. ಬೆನ್ನಿನ ಮೇಲಿನ ಚರ್ಮದ ಮಡಿಕೆಯ ಕೊಬ್ಬು ಮಾತ್ರ ಅಷ್ಟು ಕಡಿಮೆಯಿರಲಿಲ್ಲ.

ಊಟದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಮಾಂಸಖಂಡ. ಗುದ್ದಲಿ ಕೆಳಗಿಟ್ಟು ಬೈಕು ಹತ್ತಿದ ಮೇಲೆ ಅದು ಕರಗಿತು; ಈಲಿಯ ಸುತ್ತ ಕೊಬ್ಬು ಕೂತಿತು, ಇನ್ಸುಲಿನ್ ಕೆಲಸ ಕೆಟ್ಟಿತು. ಇಪ್ಪತ್ತು ವರ್ಷ ತೂಕ ಬದಲಾಗಿಲ್ಲ ಎಂದು ನಾನು ಬೀಗುತ್ತಿದ್ದಾಗ ಒಳಗೆ ನಡೆದದ್ದು ಈ ಅದಲುಬದಲು.

ಈಗ ಜಿಮ್ಮುಗಳಲ್ಲಿ ನಿಂತರೆ ಕೊಬ್ಬಿನ ಶೇಕಡಾವಾರು ಹೇಳುವ ಯಂತ್ರಗಳಿವೆ. ಮೈಯೊಳಗೆ ಸಣ್ಣ ವಿದ್ಯುತ್ ಹರಿಸಿ, ನೀರಿನಂಶ ಲೆಕ್ಕ ಹಾಕಿ, ಉಳಿದದ್ದನ್ನು ಅಂದಾಜು ಮಾಡುತ್ತವೆ. ನೀರು ಕುಡಿದು ನಿಂತರೆ ಒಂದು, ಹೊಲದಲ್ಲಿ ಬೆವರಿ ಬಂದು ನಿಂತರೆ ಇನ್ನೊಂದು. ಒಂದು ಸಲದ ಅಂಕಿ ನೋಡಿ ಹೆದರಲೂ ಬೇಡಿ, ಹಿಗ್ಗಲೂ ಬೇಡಿ.

ನಮ್ಮ ಮತ್ತೋಡು ಬಳೆಯ ಊರು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಇಲ್ಲಿನ ಬಳೆಗಾಜಿನ ಬಗ್ಗೆ ಬರೆದಿದ್ದಾನೆ. ಬಳೆಗಾರ ಕೈ ಹಿಡಿದೇ ಅಳತೆ ಹೇಳುತ್ತಿದ್ದ. ಸೊಂಟಕ್ಕೆ ದರ್ಜಿಯ ಟೇಪು ಸಾಕು. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ, ತೂಕ ಎಷ್ಟೇ ಇರಲಿ, ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಡಿ.

ನನ್ನ ಗಾಯ ನಾಲ್ಕು ತಿಂಗಳಿಗೆ ಒಣಗಿತು, ಒಂದು ಬೆರಳು ಹೋಯಿತು. ಈಗ ದಿನಾ ತೋಟದಲ್ಲಿ ಬೆವರುತ್ತೇನೆ. ಸೊಂಟ 88, ತೂಕ ಅದೇ 62.

ಹತ್ತನೇ ತರಗತಿಯ ಕೋಣೆಯಲ್ಲಿ ಟೇಪು ಹಿಡಿದು ಕೂತಿರುತ್ತೇನೆ. ಹೋಳಿಗೆ ಊಟಕ್ಕೆ ಮೊದಲೇ ಬನ್ನಿ, ಆಮೇಲೆ ಅಳತೆ ಸರಿ ಬರುವುದಿಲ್ಲ.