ಮುಚ್ಚಳಿಕೆ ಎಂದರೆ ಖುಲಾಸೆಯಲ್ಲ

(ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೋರ್ಟಿನ ಮೆಟ್ಟಿಲಿಳಿದು ಬರುವ ಬಡವನನ್ನು “ಏನಾಯಿತಪ್ಪ?” ಎಂದು ಕೇಳಿ. “ಬಿಟ್ಟುಬಿಟ್ಟರು ಸ್ವಾಮಿ, ಒಂದು ಕಾಗದಕ್ಕೆ ರುಜು ಹಾಕಿಸಿಕೊಂಡರು” ಎನ್ನುತ್ತಾನೆ. ಆ ಕಾಗದದಲ್ಲಿ ಏನಿದೆಯೆಂದು ಅವನಿಗೆ ಯಾರೂ ಓದಿ ಹೇಳಿರುವುದಿಲ್ಲ. ಈ ದಿನ ನಾನು ಹೇಳಬೇಕೆಂದಿರುವುದು ಆ ಕಾಗದದ ಮಾತು.

1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ ಒಳ್ಳೆಯ ಕಾಯಿದೆ. ಮರಣದಂಡನೆ ಅಥವಾ ಜೀವಾವಧಿ ಸಜೆಗೆ ಒಳಪಡದ ಅಪರಾಧವಾದರೆ, ನ್ಯಾಯಾಧೀಶರು ತಪ್ಪಿತಸ್ಥನನ್ನು ಜೈಲಿಗೆ ಕಳಿಸದೆ, 3 ವರ್ಷ ಮೀರದಂತೆ ಸದ್ವರ್ತನೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿರಬೇಕು, ಇಂಥ ಊರಲ್ಲೇ ವಾಸಿಸಬೇಕು, ಕುಡಿಯಬಾರದು ಎಂದು ಷರತ್ತು ಹಾಕಬಹುದು. ಆದರೆ ಇದು ಖುಲಾಸೆಯಲ್ಲ. ಅಪರಾಧಿಯೆಂಬ ತೀರ್ಪು ಹಾಗೆಯೇ ನಿಂತಿರುತ್ತದೆ. ಶಿಕ್ಷೆ ಮಾತ್ರ ತಡೆದಿರುತ್ತದೆ.

ಮಾಲೂರಿನ ಕಾರ್ಖಾನೆಯ ಒಬ್ಬ ಆಳು ಹೀಗೆ ಮುಚ್ಚಳಿಕೆ ಬರೆದುಕೊಟ್ಟಿದ್ದಾನೆ ಎನ್ನೋಣ. ಕೆಲಸ ಹೋಯಿತು. ಹೊಟ್ಟೆಪಾಡಿಗೆ ಹೊಸೂರಿಗೆ ಹೊರಟ, ಅಧಿಕಾರಿಗೆ ತಿಳಿಸಲಿಲ್ಲ. ತಿಳಿಸಿದ್ದರೆ 8ನೇ ಕಲಮಿನಂತೆ ಆ ಅಧಿಕಾರಿಯೇ ಕೋರ್ಟಿಗೆ ಅರ್ಜಿ ಹಾಕಿ ಷರತ್ತು ಬದಲಾಯಿಸಲು ಕೇಳಬಹುದಿತ್ತು. ಈಗ 9ನೇ ಕಲಮಿನಂತೆ ಸಮನ್ಸೋ ವಾರಂಟೋ ಬರುತ್ತದೆ. ಷರತ್ತು ಮುರಿದದ್ದು ರುಜುವಾತಾದರೆ ಹಳೆಯ ಅಪರಾಧಕ್ಕೇ ಶಿಕ್ಷೆ ಕೊಡಬಹುದು. ಮೊದಲ ಸಲದ ತಪ್ಪಾದರೆ, 50 ರೂಪಾಯಿ ಮೀರದ ದಂಡ ಹಾಕಿ ಮುಚ್ಚಳಿಕೆಯನ್ನು ಮುಂದುವರಿಸಲೂಬಹುದು. ಒಂದು ಕಡೆ ಐವತ್ತು ರೂಪಾಯಿ, ಇನ್ನೊಂದು ಕಡೆ ಜೈಲು! ಆ ದಿನ ಹಾಜರಾಗಿ, ಕೆಲಸ ಹೋದ ಕಾರಣವನ್ನು ಕಾಗದಪತ್ರದೊಡನೆ ಹೇಳಬೇಕು. ತಲೆಮರೆಸಿಕೊಂಡವನು ಕೆಟ್ಟ.

ಇನ್ನೊಂದು ನಷ್ಟವೂ ಉಂಟು. ಮುಚ್ಚಳಿಕೆಯ ಮೇಲೆ ಬಿಡುಗಡೆಯಾದವನಿಗೆ ಅಪರಾಧಿಯೆಂಬ ಕಾರಣಕ್ಕೆ ಕಾನೂನಿನಿಂದ ಅಂಟುವ ಅನರ್ಹತೆ ಅಂಟಬಾರದೆಂದು 12ನೇ ಕಲಮು ರಕ್ಷಣೆ ಕೊಟ್ಟಿದೆ. ಮುಂದೆ ಅದೇ ಅಪರಾಧಕ್ಕೆ ಶಿಕ್ಷೆಯಾದರೆ ಆ ರಕ್ಷಣೆ ಹೋಯಿತು.

ಹಾಗಾದರೆ ಅಪೀಲು? ನಿರಪರಾಧಿಯಾಗಿದ್ದೂ “ಹೇಗೂ ಬಿಟ್ಟರಲ್ಲ” ಎಂದು ಸುಮ್ಮನೆ ಕೂರಬೇಡಿ. ಬಿಡುಗಡೆಯ ಆ ಆಜ್ಞೆಯ ಮೇಲೆಯೇ ಅಪೀಲು ಹೋಗಲು 11ನೇ ಕಲಮು ಅವಕಾಶ ಕೊಟ್ಟಿದೆ. ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಕೋಲಾರದ ಸೆಷನ್ಸ್ ಕೋರ್ಟಿಗೆ ಹೋಗಲು ಇರುವ ವಾಯಿದೆ 30 ದಿನ. ತೀರ್ಪಿನ ನಕಲು ಪಡೆಯಲು ಹಿಡಿದ ಕಾಲವನ್ನು ಇದರಲ್ಲಿ ಎಣಿಸುವುದಿಲ್ಲ. ತಕ್ಕ ಕಾರಣ ತೋರಿಸಿದರೆ ತಡವನ್ನು ಮನ್ನಿಸಬಹುದು. ಆದರೆ ಮುಚ್ಚಳಿಕೆ ಮುರಿದು ಸಿಕ್ಕಿಬಿದ್ದ ಮೇಲೆ ಹಳೆಯ ತೀರ್ಪನ್ನು ಕೆದಕುವುದು ಕಷ್ಟದ ದಾರಿ. ಶಿಕ್ಷೆಯೇ ಆಗಿಹೋದರೆ ತಡಮಾಡದೆ ವಕೀಲರನ್ನು ಕಂಡು, ಅಪೀಲಿನ ಜೊತೆಗೆ ಶಿಕ್ಷೆ ಅಮಾನತಿಗೂ ಜಾಮೀನಿಗೂ ಅರ್ಜಿ ಹಾಕಿಸಬೇಕು. ಅಪೀಲು ಕೇಳುವ ಕೋರ್ಟಿಗೂ ಈ ಕಾಯಿದೆಯ ಲಾಭ ಕೊಡುವ ಅಧಿಕಾರವಿದೆಯೆಂದು ಸುಪ್ರೀಂ ಕೋರ್ಟು 1964ರಲ್ಲೇ ರತನ್‌ಲಾಲ್ ಮೊಕದ್ದಮೆಯಲ್ಲಿ ಎತ್ತಿಹಿಡಿದಿದೆ.

ವಕೀಲರಿಗೆ ಹಣವೆಲ್ಲಿ ಎನ್ನುವಿರಾ? 1987ರ ಕಾನೂನು ಸೇವೆಗಳ ಕಾಯಿದೆಯಲ್ಲಿ ಕೈಗಾರಿಕಾ ಕಾರ್ಮಿಕರಿಗೆ, ಹೆಂಗಸರಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ಉಚಿತ ವಕೀಲರ ಹಕ್ಕಿದೆ. ಇದು ಭಿಕ್ಷೆಯಲ್ಲ. ಸಣ್ಣ ಅಂಗಡಿಯವರಿಗೂ ವರಮಾನದ ಮಿತಿಯೊಳಗೆ ಈ ನೆರವುಂಟು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರು ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಉಳ್ಳವನ ಮುಚ್ಚಳಿಕೆಯನ್ನು ಅವನ ವಕೀಲ ಕಾಯುತ್ತಾನೆ. ಇಲ್ಲದವನ ಮುಚ್ಚಳಿಕೆಯನ್ನು ಸಂಘ ಕಾಯಬೇಕು. ಪ್ರತಿ ಸಂಘದ ಕಚೇರಿಯಲ್ಲೂ ಅದರ ಒಂದು ನಕಲಿರಲಿ, ವಾಯಿದೆಯ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಾಗಲಿ. ಓದುಬಲ್ಲವರು ಓದಲಾರದ ಗೆಳೆಯನಿಗೆ ಆ ಕಾಗದವನ್ನು ಇಂದೇ ಓದಿ ಹೇಳಿ.