ಅಳತೆ ಟೇಪು ಹಿಡಿದು ಹೊರಡಿ

ಮಂಡ್ಯದಿಂದ ಮದ್ದೂರಿಗೆ ಹತ್ತಿರ ಹತ್ತಿರ 20 ಕಿಲೋಮೀಟರ್. ಸ್ಪ್ರಿಂಟ್ ಟ್ರಯಥ್ಲಾನ್‌ನಲ್ಲಿ 750 ಮೀಟರ್ ಈಜಿ ಮೇಲೆದ್ದವರು ಸೈಕಲ್ ತುಳಿಯಬೇಕಾದ ದೂರವೂ ಅಷ್ಟೇ. ಆಮೇಲೆ 5 ಕಿ.ಮೀ. ಓಡಿದರೆ ಪಂದ್ಯ ಮುಗಿಯಿತು. ಮದ್ದೂರಿಗೆ ಹೋಗಿ ಒಂದು ವಡೆ ತಿಂದು ವಾಪಸ್ ಬಂದಿರೋ, 40 ಕಿ.ಮೀ.; 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಈ ಆಟ ಮೊದಲ ಸಲ ಕಾಲಿಟ್ಟಾಗ ಸೈಕಲ್ ಪಾಲಿಗೆ ಇದ್ದದ್ದು ಇದೇ ದೂರ. ಅಂದಮೇಲೆ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೆ ಟ್ರಯಥ್ಲಾನ್ ಎಂದರೆ ಬೆಂಗಳೂರಿನ ದುಡ್ಡಿದ್ದವರ ಹುಚ್ಚು ಎಂದು ಯಾರು ಹೇಳಿಕೊಟ್ಟರು?

ಹೇಳಿಕೊಟ್ಟದ್ದು ಸೈಕಲ್ಲಿನ ಬೆಲೆ. ಅಂಗಡಿಗೆ ಹೋಗಿ ರೋಡ್ ಬೈಕ್ ಕೇಳಿದರೆ ಒಂದೂವರೆ ಲಕ್ಷದ್ದು, ಮೂರು ಲಕ್ಷದ್ದು ಕಣ್ಣಿಗೆ ಬೀಳುತ್ತದೆ. ಧೈರ್ಯ ಮಾಡಿ ಮೂವತ್ತು ಸಾವಿರದ್ದು ತಂದು ನಿಲ್ಲಿಸಿದಿರೋ, ಕೇರಿಯ ಹಿರಿಯರೊಬ್ಬರು ಅದರ ಸುತ್ತ ಒಂದು ಸುತ್ತು ಬಂದು ಕೇಳಿಯೇ ಕೇಳುತ್ತಾರೆ: "ಸ್ಟ್ಯಾಂಡಿಲ್ಲ, ಕ್ಯಾರಿಯರ್ರಿಲ್ಲ, ಮಡ್‌ಗಾರ್ಡೂ ಇಲ್ವಲ್ಲೋ ಮಗ! ಇನ್ನೊಂದಷ್ಟು ಹಾಕಿದ್ರೆ ಸೆಕೆಂಡ್ ಹ್ಯಾಂಡ್ ಗಾಡೀನೇ ಬರ್ತಿತ್ತಲ್ಲೋ." ಲೆಕ್ಕ ಅವರ ಪಾಲಿಗೆ ಸರಿಯೇ. ಹುಲ್ಲಿನ ಹೊರೆ, ಹಾಲಿನ ಕ್ಯಾನು ಹೊರದ ಸೈಕಲ್ಲು ಅವರಿಗೆ ಸೈಕಲ್ಲೇ ಅಲ್ಲ. ನಕ್ಕು ಸುಮ್ಮನಾಗಿ.

ಈ ಆಟ ದುಬಾರಿ ಸೈಕಲ್ಲಿನಿಂದ ಶುರುವಾದದ್ದಲ್ಲ. 1978ರ ಫೆಬ್ರವರಿಯಲ್ಲಿ ಹವಾಯಿಯಲ್ಲಿ ಐರನ್‌ಮ್ಯಾನ್ ಎಂಬ ದೂರದ ಟ್ರಯಥ್ಲಾನ್ ಮೊದಲ ಸಲ ನಡೆದಾಗ ಸಾಲಿನಲ್ಲಿ ನಿಂತವರು ಹದಿನೈದೇ ಜನ, ಮುಗಿಸಿದವರು ಹನ್ನೆರಡು. ಗೆದ್ದ ಗಾರ್ಡನ್ ಹಾಲರ್ ಟ್ಯಾಕ್ಸಿ ಓಡಿಸುತ್ತಿದ್ದವನು. ಟ್ರಯಥ್ಲಾನ್‌ಗೆಂದೇ ಮಾಡಿದ ಸೈಕಲ್ ಅನ್ನುವುದು ಆಗ ಹುಟ್ಟಿಯೇ ಇರಲಿಲ್ಲ. ನಮ್ಮ ರಾಜ್ಯವನ್ನೇ ನೋಡಿ. ವಿಜಯಪುರ, ಬಾಗಲಕೋಟೆ ಕಡೆಯ ರೈತರ ಮಕ್ಕಳು ದಶಕಗಳಿಂದ ರಾಷ್ಟ್ರ ಮಟ್ಟದ ಸೈಕ್ಲಿಂಗ್ ಪದಕಗಳನ್ನು ತರುತ್ತಿದ್ದಾರೆ. ಬಿರುಬಿಸಿಲಿನ ಒಣನೆಲ ಅದು. ಕಾವೇರಿ ನೀರು ಕುಡಿದು ಬೆಳೆದ ನಮಗೆ ಏನು ಕಡಿಮೆಯಾಗಿದೆ?

ಈಗ ದುಡ್ಡಿನ ವಿಷಯ. ನಿಮ್ಮ ಕೈಯಲ್ಲಿ ನಲವತ್ತು ಸಾವಿರ ಇದೆ ಎಂದುಕೊಳ್ಳಿ. ಅಷ್ಟನ್ನೂ ಸೈಕಲ್ಲಿಗೇ ಸುರಿದರೆ ಕೆಟ್ಟಿರಿ. ಹೆಲ್ಮೆಟ್ಟು, ಗಾಳಿ ಪಂಪು, ಎರಡು ಹೆಚ್ಚುವರಿ ಟ್ಯೂಬು, ಹಿಂದೆ ಮುಂದೆ ಲೈಟು, ಓಡುವ ಬೂಟು, ಈಜಿನ ಕನ್ನಡಕ, ಈಜುಕೊಳದ ಶುಲ್ಕ, ಪಂದ್ಯದ ಪ್ರವೇಶ ಶುಲ್ಕ, ಇವೆಲ್ಲ ಸಾಲು ಹಿಡಿದು ನಿಂತಿವೆ. ನನ್ನನ್ನು ಕೇಳಿದರೆ ಸೈಕಲ್ಲಿಗೆ ಇಪ್ಪತ್ತೈದು ಸಾವಿರ ದಾಟಬೇಡಿ. ಅಷ್ಟರಲ್ಲಿ ಹೊಸದು ಒಳ್ಳೆಯದು ಸಿಗುವುದು ಕಷ್ಟ, ಹಳೆಯದು ಧಾರಾಳವಾಗಿ ಸಿಗುತ್ತದೆ. ಕೊರೋನಾ ಕಾಲದಲ್ಲಿ ಬೆಂಗಳೂರಿನ ಎಷ್ಟೋ ಮಂದಿ ಆಸೆಪಟ್ಟು ಕೊಂಡ ರೋಡ್ ಬೈಕುಗಳು ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಬಟ್ಟೆ ಒಣಗಿಸುವ ಕೆಲಸ ಮಾಡುತ್ತಿವೆ. ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಎರಡು ಮೂರನ್ನು ನೋಡಿ ಬರಬಹುದು.

ಹೋಗುವಾಗ ಜೇಬಿನಲ್ಲಿ ಅಳತೆ ಟೇಪು ಇರಲಿ. ಅದಕ್ಕೂ ಮೊದಲು ಮನೆಯಲ್ಲೊಂದು ಕೆಲಸ ಮಾಡಿ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಸೀಟಿನ ಹಾಗೆ ಮೇಲಕ್ಕೊತ್ತಿ ಹಿಡಿಯಿರಿ. ಪುಸ್ತಕದ ಮೇಲಂಚು ಗೋಡೆಗೆ ತಾಗುವಲ್ಲಿ ತಮ್ಮನೋ ತಂಗಿಯೋ ಪೆನ್ಸಿಲ್ ಗುರುತು ಹಾಕಲಿ. ನೆಲದಿಂದ ಆ ಗುರುತಿನವರೆಗಿನ ಸೆಂಟಿಮೀಟರನ್ನು 0.883ರಿಂದ ಗುಣಿಸಿ. ಕಾಲಿನ ಅಳತೆ 80 ಬಂದರೆ ಉತ್ತರ 70.6. ಪೆಡಲುಗಳ ತೋಳು (ಕ್ರ್ಯಾಂಕ್) ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ತಲೆಯವರೆಗೆ ನಿಮಗೆ ಹೆಚ್ಚುಕಡಿಮೆ ಇಷ್ಟು ಎತ್ತರ ಬೇಕು. ಸೀಟಿನ ಕೊಳವೆಯನ್ನು ಮಿತಿಯ ಗೆರೆ ದಾಟಿಸದೆ ಅಷ್ಟಕ್ಕೆ ಏರಿಸಲು ಅಥವಾ ಇಳಿಸಲು ಆಗದಿದ್ದರೆ, ಎಷ್ಟೇ ಅಗ್ಗವಾಗಿರಲಿ, ಆ ಸೈಕಲ್ ನಿಮ್ಮದಲ್ಲ. ಹ್ಯಾಂಡಲ್ ಹಿಡಿಯಲು ಮೈಯೆಲ್ಲ ಚಾಚಬೇಕಾಗಿ ಬಂದರೂ ಅಷ್ಟೇ. ಐದು ಸಾವಿರ ಉಳಿಯಿತೆಂದು ಅಳತೆಗೆ ಬಾರದ್ದನ್ನು ತಂದವರ ಮಂಡಿ, ಸೊಂಟ ಒಂದು ತಿಂಗಳೊಳಗೆ ಉತ್ತರ ಕೊಡುತ್ತವೆ. ಆಮೇಲೆ ಸೈಕಲ್ಲು ಅಟ್ಟಕ್ಕೆ.

ಅಳತೆ ಕೂಡಿಬಂತೇ? ಈಗ ತಪಾಸಣೆ. ಅಲ್ಯೂಮಿನಿಯಂ ಫ್ರೇಮು ಇರಲಿ, ಮುಂದಿನ ಫೋರ್ಕು ಕಾರ್ಬನ್ ಆಗಿದ್ದರೆ ಒಳ್ಳೆಯದು, ಆಗದಿದ್ದರೂ ನಷ್ಟವಿಲ್ಲ. ಹಳೆಯ ಕಾರ್ಬನ್ ಫ್ರೇಮಿನ ಆಸೆ ಬೇಡ. ಒಳಗಿನ ಬಿರುಕು ಬರಿಗಣ್ಣಿಗೆ ಕಾಣದು. ಬೆಸುಗೆ ಹಾಕಿದ ಕಡೆಗಳಲ್ಲೆಲ್ಲ ಬೆರಳಾಡಿಸಿ, ಬಣ್ಣ ಕೂದಲೆಳೆಯಷ್ಟು ಸೀಳಿದ್ದರೂ ಬಿಟ್ಟು ಬನ್ನಿ. ಚಕ್ರ ಎತ್ತಿ ತಿರುಗಿಸಿ, ರಿಮ್ಮು ಬ್ರೇಕಿನ ಹತ್ತಿರ ಓಲಾಡಿದರೆ ಬೆಂಡಿದೆ. ಅದನ್ನು ಮಂಡ್ಯದಲ್ಲೇ ತೆಗೆಸಬಹುದು, ಅದರ ಹೆಸರಲ್ಲಿ ಬೆಲೆಯನ್ನೂ ಇಳಿಸಬಹುದು. ಕ್ರ್ಯಾಂಕನ್ನು ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ ನೋಡಿ, ಕಟಕಟ ಅನ್ನಬಾರದು. ಚೈನು ಸವೆದಿದೆಯೋ ಇಲ್ಲವೋ ತಿಳಿಯಲು ಶಾಲೆಯ ಹನ್ನೆರಡು ಇಂಚಿನ ಸ್ಕೇಲು ಸಾಕು. ಒಂದು ಪಿನ್ನಿಗೂ ಇನ್ನೊಂದಕ್ಕೂ ಅರ್ಧ ಇಂಚು, ಹಾಗಾಗಿ ಸೊನ್ನೆಗೆ ಹಿಡಿದ ಪಿನ್ನನ್ನು ಬಿಟ್ಟು ಎಣಿಸಿದರೆ ಇಪ್ಪತ್ನಾಲ್ಕನೆಯ ಪಿನ್ನು ಸರಿಯಾಗಿ ಹನ್ನೆರಡು ಇಂಚಿಗೆ ಕೂರಬೇಕು. ಒಂದು ಗೆರೆ, ಅಂದರೆ ಇಂಚಿನ ಹದಿನಾರನೇ ಒಂದು ಭಾಗ, ಮುಂದೆ ಹೋಗಿದ್ದರೆ ಚೈನು ಹೊಸದು ಬೇಕು. ಎರಡು ಗೆರೆ ಹೋಗಿದ್ದರೆ ಹಲ್ಲುಗಳೂ ಹೋಗಿವೆ, ಆ ಖರ್ಚನ್ನು ಚೌಕಾಸಿಯಲ್ಲಿ ಕಳೆಯಿರಿ.

ಗೇರಿನ ವಿಷಯದಲ್ಲಿ ಶಿಮಾನೊ ಕಂಪನಿಯ ಮೆಟ್ಟಿಲು ಹೀಗಿದೆ: ಕೆಳಗೆ ಟೂರ್ನಿ, ಮೇಲೆ ಕ್ಲಾರಿಸ್, ಸೋರಾ, ಟಿಯಾಗ್ರಾ, ಅದರಾಚೆ 105. ಕ್ಲಾರಿಸ್ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಮುಂದೆ ಎರಡು, ಹಿಂದೆ ಎಂಟು, ನಮ್ಮ ನೆಲಕ್ಕೆ ಬೇಕಾದಷ್ಟಾಯಿತು. ಮಂಡ್ಯ, ಮದ್ದೂರಿನ ಗದ್ದೆ ಬಯಲಿನಲ್ಲಿ ಚಿಕ್ಕ ಗೇರಿನ ನೆನಪೇ ಆಗದು. ಮಳವಳ್ಳಿ ದಾಟಿ ಶಿವನಸಮುದ್ರದ ಕಡೆಗೆ ಹೋಗಿ ನೋಡಿ, ಆಗ ಗೊತ್ತಾಗುತ್ತದೆ. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಕಾವೇರಿ ಅಲ್ಲಿ ಧುಮುಕುತ್ತಾಳೆ. ಹೊಳೆಯತ್ತ ಇಳಿದಷ್ಟೂ ವಾಪಸ್ ಹತ್ತಬೇಕಲ್ಲ. ಆ ಏರಿನಲ್ಲಿ ಮುಂದಿನ 34 ಹಲ್ಲಿನ ಚಕ್ರ, ಹಿಂದಿನ 28 ಅಥವಾ 32 ಹಲ್ಲು ನಿಮ್ಮ ಮಾನ ಕಾಯುತ್ತವೆ.

ದುಬಾರಿ ಸೈಕಲ್ ಏಕೆ ಬೇಡ ಎಂಬುದಕ್ಕೆ ಇನ್ನೊಂದು ಕಾರಣವಿದೆ, ನನಗೆ ಅತ್ಯಂತ ಇಷ್ಟವಾದದ್ದು. ಸಮತಟ್ಟು ರಸ್ತೆಯಲ್ಲಿ ಗಂಟೆಗೆ ಮೂವತ್ತು ಕಿ.ಮೀ. ವೇಗ ಮುಟ್ಟಿದಾಗ ನಿಮ್ಮ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಆ ಗಾಳಿಗೆ ಅಡ್ಡ ನಿಂತಿರುವುದು ಸೈಕಲ್ಲಿಗಿಂತ ಹೆಚ್ಚಾಗಿ ನಿಮ್ಮ ಎದೆ, ಭುಜ. ಮೊಣಕೈ ಮಡಚಿ, ಬೆನ್ನು ಬಗ್ಗಿಸಿ, ಹ್ಯಾಂಡಲಿನ ಕೆಳಬಾಗು ಹಿಡಿದು ಅರ್ಧ ಗಂಟೆ ಕೂರುವ ಅಭ್ಯಾಸಕ್ಕೆ ಒಂದು ಪೈಸೆ ಖರ್ಚಿಲ್ಲ. ಮುಂದೆ ಬೇಕೆನ್ನಿಸಿದರೆ ಹ್ಯಾಂಡಲಿಗೆ ಬಿಗಿಯುವ ಏರೋ ಬಾರ್ ಕೆಲವೇ ಸಾವಿರಕ್ಕೆ ಬರುತ್ತದೆ. ಟ್ರಯಥ್ಲಾನ್‌ನವರ ಬಾರ್ ಹಾಕಿಕೊಂಡೇ ಗ್ರೆಗ್ ಲೆಮಾಂಡ್ 1989ರ ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯದ ಕೊನೆಯ ದಿನ ಹಿಂದಿನಿಂದ ಬಂದು ಬರೀ 8 ಸೆಕೆಂಡಿನಲ್ಲಿ ಗೆದ್ದ. ಮೊದಲ ವರ್ಷ ಮಾತ್ರ ಅದೂ ಬೇಡ, ಬ್ರೇಕಿನಿಂದ ಕೈ ದೂರ ಹೋಗುತ್ತದೆ.

ನಮ್ಮ ರಸ್ತೆಯಲ್ಲಿ ಬ್ರೇಕು ಕೈಗೆಟುಕಲೇಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರು, ಸೈಕಲ್ಲು ಯಾವುದಕ್ಕೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ನಮಗೆ ಗತಿ. ಎದುರಿನಿಂದ ಅಡ್ಡಾದಿಡ್ಡಿ ಬರುವವರು ಅಲ್ಲಿ ಏನೂ ಕಡಿಮೆಯಿಲ್ಲ. ಮದ್ದೂರಿನಿಂದ ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಕಬ್ಬು ಅರೆಯುವ ಕಾಲಕ್ಕೆ ಗಾಡಿಗಳ ಸಾಲೇ ಸಾಲು. ಹಿಂದೆ ಚಾಚಿಕೊಂಡ ಜಲ್ಲೆ ಮಸುಕಿನಲ್ಲಿ ಕಾಣುವುದಿಲ್ಲ. ಸುಗ್ಗಿ ಬಂತೆಂದರೆ ಟಾರು ರಸ್ತೆಯೇ ಕಣ. ರಾಗಿ, ಹುರುಳಿ ಹರಡಿರುತ್ತಾರೆ, ಅದರ ಮೇಲೆ ತೆಳು ಟೈರು ಜಾರಿದರೆ ಮೊಣಕೈ ಚರ್ಮ ಅಲ್ಲೇ ಉಳಿಯುತ್ತದೆ. ರೈತರ ಮೇಲೆ ಸಿಟ್ಟಾಗಬೇಡಿ, ಆ ರೈತ ನಿಮ್ಮ ಮಾವನೇ ಇದ್ದಾನು. ಇಳಿದು ಅಂಚಿನಲ್ಲಿ ತಳ್ಳಿಕೊಂಡು ಹೋಗಿ. ಟೈರು 25ರ ಬದಲು 28 ಮಿಲಿಮೀಟರ್ ಹಾಕಿಸಿ, ಫ್ರೇಮು ಅದಕ್ಕೆ ಜಾಗ ಕೊಡುವುದಾದರೆ.

ಜಾಲಿಮುಳ್ಳು ಚುಚ್ಚಿತೆಂದು ಹಳ್ಳಿಯ ಪಂಕ್ಚರ್ ಅಂಗಡಿಗೆ ಹೋದಿರಿ ಅನ್ನಿ. ರೋಡ್ ಬೈಕಿನ ಟ್ಯೂಬಿಗೆ ಸಾಮಾನ್ಯವಾಗಿ ಇರುವುದು ಸಣಕಲು ಪ್ರೆಸ್ಟಾ ವಾಲ್ವ್. ಅಣ್ಣ ಗಾಳಿ ಪೈಪು ತಂದು ಒತ್ತುತ್ತಾರೆ, ಇದ್ದ ಗಾಳಿಯೂ ಹೋಗುತ್ತದೆ. ಅದಕ್ಕೆಂದೇ ಬೆರಳ ತುದಿಯಷ್ಟಿರುವ ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ, ತುಂಬ ಅಗ್ಗ. ಅದನ್ನು ವಾಲ್ವಿಗೆ ತಿರುಪಿದರೆ ಯಾವ ಅಂಗಡಿಯ ಪೈಪೂ ಕೂರುತ್ತದೆ. ಸೀಟಿನ ಕೆಳಗಿನ ಚೀಲದಲ್ಲಿ ಒಂದು ಯಾವಾಗಲೂ ಇರಲಿ.

ಉಳಿಸಿದ ದುಡ್ಡಿನಲ್ಲಿ ಹೆಚ್ಚು ಹಾಕಬೇಕಾದದ್ದು ಈಜಿಗೆ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಬಾವಿಯಲ್ಲಿ ಹಾರಿ, ನಾಲೆಯಲ್ಲಿ ಬಿದ್ದು ಈಜು ಕಲಿತವರ ಜಿಲ್ಲೆ ನಮ್ಮದು. ಆ ಧೈರ್ಯದಲ್ಲೇ ವಿ.ಸಿ. ನಾಲೆಗೆ ಇಳಿದು ತರಬೇತಿ ಮಾಡುತ್ತೇನೆಂದರೆ ಖಂಡಿತ ಬೇಡ. ಹತ್ತಲು ಹಿಡಿತವಿಲ್ಲದ ಇಳಿಜಾರು ಗೋಡೆ, ಮೇಲೆ ಶಾಂತ, ಕೆಳಗೆ ಸೆಳೆತ. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಬಸ್ಸು ಅದೇ ನಾಲೆಗೆ ಉರುಳಿ ಮೂವತ್ತು ಜೀವ ಹೋದದ್ದನ್ನು ಈ ಸೀಮೆ ಮರೆತಿಲ್ಲ. ಜೀವರಕ್ಷಕರಿರುವ ಕೊಳದಲ್ಲೇ ಕಲಿಯಿರಿ. ಮೈಸೂರಿನಲ್ಲಿ ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳವಿದೆ, ರಜೆಯ ದಿನ ರೈಲಿಗೆ ಹೋಗಿ ಬರಬಹುದು. ಮುಖ ನೀರಿನೊಳಗಿಟ್ಟು ಉಸಿರು ಬಿಡುವುದನ್ನು ಬಲ್ಲವರೊಬ್ಬರಿಂದ ಹೇಳಿಸಿಕೊಂಡರೆ, ಬಾವಿ ಈಜಿನವರಿಗೆ ಉಳಿದದ್ದು ಬೇಗ ಬರುತ್ತದೆ.

ಹೆಣ್ಣುಮಕ್ಕಳೇ, ನಿಮಗೊಂದು ಮಾತು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿರಸ್ತೆಗಳಲ್ಲಿ ಜಡೆ ಹಾರಿಸಿಕೊಂಡು ಶಾಲೆಗೆ ಹೋದವರು ನೀವು, ನಿಮ್ಮ ಅಕ್ಕಂದಿರು. ಎದುರುಗಾಳಿಯಲ್ಲಿ ಆ ಭಾರದ ಸೈಕಲ್ ತುಳಿದ ಕಾಲಿಗೆ ಹತ್ತು ಕೆಜಿಯ ರೋಡ್ ಬೈಕು ಯಾವ ಲೆಕ್ಕ? ಕೊಳ್ಳುವಾಗ ಸೀಟನ್ನು ಮಾತ್ರ ಬೇರೆ ನೋಡಿ. ಗಂಡಸರ ಸೀಟಿಗಿಂತ ಸ್ವಲ್ಪ ಅಗಲದ್ದು ನಿಮಗೆ ಹೊಂದೀತು. ಗುಂಪಿನಲ್ಲಿ ಹೊರಡಿ, ಬೆಳಕು ಹರಿದ ಮೇಲೆ ಹೊರಡಿ, ಆದರೆ ಹೊರಡಿ.

ಗೋವಾದಲ್ಲಿ 2019ರಿಂದ ಐರನ್‌ಮ್ಯಾನ್ 70.3 ನಡೆಯುತ್ತಿದೆ: 1.9 ಕಿ.ಮೀ. ಈಜು, 90 ಸೈಕಲ್, 21.1 ಓಟ. ಇದರ ಎರಡರಷ್ಟು ದೂರದ ಪೂರ್ಣ ಐರನ್‌ಮ್ಯಾನನ್ನು ನಮ್ಮವರೇ ಆದ ರೈಲ್ವೆ ಅಧಿಕಾರಿ ಶ್ರೇಯಸ್ ಹೊಸೂರು 2022ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಮುಗಿಸಿದರು. ಕೆಲಸಕ್ಕೆ ಹೋಗುತ್ತಲೇ ತಯಾರಾದವರು ಅವರು. ನೀವು ಸ್ಪ್ರಿಂಟ್‌ನಿಂದ ಶುರುಮಾಡಿ. ಎಷ್ಟೋ ಪಂದ್ಯಗಳಲ್ಲಿ ದಪ್ಪ ಟೈರಿನ ಎಂಟಿಬಿ (ಮೌಂಟನ್ ಬೈಕ್) ಸೈಕಲ್ಲಿಗೂ ಅಡ್ಡಿಯಿಲ್ಲ. ಹೆಲ್ಮೆಟ್ಟು ಮಾತ್ರ ಕಡ್ಡಾಯ: ಸ್ಟ್ಯಾಂಡಿನಿಂದ ಸೈಕಲ್ ತೆಗೆಯುವ ಮೊದಲೇ ಅದರ ಬಕಲ್ ಹಾಕಿರಬೇಕು, ಇಲ್ಲದಿದ್ದರೆ ದಂಡ ಬೀಳುತ್ತದೆ.

ಇಷ್ಟಕ್ಕೂ ದುಡ್ಡು ಹೊಂದಲಿಲ್ಲವೇ? ಹಲವು ಟ್ರಯಥ್ಲಾನ್‌ಗಳಲ್ಲಿ ರಿಲೇ ಇರುತ್ತದೆ. ಒಬ್ಬರು ಈಜಿ, ಒಬ್ಬರು ತುಳಿದು, ಒಬ್ಬರು ಓಡಬಹುದು. ಮಂಡ್ಯದ ಈಜುಗಾರ, ಮದ್ದೂರಿನ ಸೈಕಲ್ ಸವಾರ, ಮಳವಳ್ಳಿಯ ಓಟಗಾರ್ತಿ ಸೇರಿದರೆ ತಂಡವಾಯಿತು. ಮೂವರಿಗೂ ಒಂದೇ ಸೈಕಲ್ ಸಾಕು, ತಲಾ ಎಂಟು ಸಾವಿರ ಹಾಕಿದರೆ ಬರುತ್ತದೆ. ಅಳತೆ ತೆಗೆಯುವಾಗ ತುಳಿಯುವವರ ಕಾಲನ್ನೇ ಅಳೆಯಿರಿ.