ಜಲಾಶಯದಲ್ಲಿ ಮೀನು ಸಾಕಣೆ: ಲಾಭಕ್ಕೂ ಒಂದು ಮಿತಿ ಇರಲಿ



ಅಣೆಕಟ್ಟು ಎಂದರೆ ನಮಗೆ ನೀರಾವರಿ, ವಿದ್ಯುತ್ ನೆನಪಾಗುತ್ತವೆ. ಅದರ ಹಿನ್ನೀರಿನಲ್ಲಿ ಮನೆ, ಹೊಲ ಕಳೆದುಕೊಂಡವರು ನೆನಪಾಗುವುದು ಕಡಿಮೆ. ಅಂಥವರಿಗೆ ಅನ್ನ ಕೊಟ್ಟ ಮೀನು ಸಾಕಣೆಯೇ ಮಿತಿಮೀರಿದಾಗ ನೀರನ್ನು ಹೇಗೆ ಕೆಡಿಸಿತು ಎಂಬುದಕ್ಕೆ ಇಂಡೋನೇಷ್ಯಾದಲ್ಲಿ ಒಂದು ಉದಾಹರಣೆಯಿದೆ.

ಪಶ್ಚಿಮ ಜಾವಾದ ಚಿತಾರುಮ್ ನದಿಗೆ ಮೂರು ದೊಡ್ಡ ಅಣೆಕಟ್ಟುಗಳಿವೆ. ಕೆಳಗಿನ ಜಾತಿಲುಹೂರ್ 1967ರದು. ಮೇಲಿನ ಸಗುಲಿಂಗ್ ಮತ್ತು ಚಿರಾಟಾ 1980ರ ದಶಕದಲ್ಲಿ ತುಂಬಿದಾಗ ಸಾವಿರಾರು ಕುಟುಂಬಗಳು ಭೂಮಿ ಕಳೆದುಕೊಂಡವು. ಅವರಿಗೆ ತೇಲುವ ಬಲೆ ಪಂಜರಗಳಲ್ಲಿ ಮೀನು ಸಾಕುವುದನ್ನು ಕಲಿಸಲಾಯಿತು. ಬಾಂಡುಂಗ್‌ನ ಪಾಜಾಜಾರನ್ ವಿಶ್ವವಿದ್ಯಾಲಯದ ತಜ್ಞರೂ ಇದಕ್ಕೆ ನೆರವಾದರು. ಕೈಯಲ್ಲಿ ಭೂಮಿ ಇಲ್ಲದವರಿಗೆ ನೀರೇ ಹೊಲವಾಯಿತು.

ಲಾಭ ಕಂಡು ನಗರದ ಹಣವಂತರೂ ಬಂದರು. ಚಿರಾಟಾದಲ್ಲಿ ಸರ್ಕಾರ ನಿಗದಿಪಡಿಸಿದ ಮಿತಿ 12,000 ಪಂಜರಗಳು. ಮುಂದೆ ಅವುಗಳ ಸಂಖ್ಯೆ 50,000ವನ್ನೂ ದಾಟಿತು.

ಇದರಿಂದ ನೀರಿಗೆ ಏನಾಗುತ್ತದೆ? ವಿದ್ಯಾರ್ಥಿಗಳೇ, ಗಮನವಿಟ್ಟು ಕೇಳಿ. ಮೀನಿಗೆ ಹಾಕಿದ ಆಹಾರದಲ್ಲಿ ಒಂದಿಷ್ಟು ತಿನ್ನದೆ ಉಳಿದು ತಳ ಸೇರುತ್ತದೆ; ಮಲವೂ ಅಲ್ಲಿಗೇ ಇಳಿಯುತ್ತದೆ. ಇವನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಆಮ್ಲಜನಕ ಮುಗಿದ ತಳದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಆಹಾರದಲ್ಲಿನ ಸಾರಜನಕ ಮತ್ತು ರಂಜಕ ಪಾಚಿಗೆ ಗೊಬ್ಬರವಾಗುತ್ತವೆ. ಪಾಚಿ ಹಗಲು ಆಮ್ಲಜನಕ ಕೊಟ್ಟರೂ ರಾತ್ರಿ ತಾನೇ ಅದನ್ನು ಹೀರುತ್ತದೆ.

ಬಿಸಿಲಿನ ದಿನಗಳಲ್ಲಿ ಮೇಲಿನ ಬೆಚ್ಚನೆಯ ನೀರು ಹಗುರವಾಗಿ ತೇಲುತ್ತದೆ, ಕೆಟ್ಟ ನೀರು ಕೆಳಗೇ ಇರುತ್ತದೆ. ಮಳೆ, ಮೋಡ, ಗಾಳಿಯಿಂದ ಮೇಲಿನ ನೀರು ತಣ್ಣಗಾದರೆ ಎರಡೂ ಬೆರೆತು ತಳದ ವಿಷ ಮೇಲೇರುತ್ತದೆ. ಈ ಜಲಾಶಯಗಳಲ್ಲಿ ಹೀಗೆ ರಾಶಿರಾಶಿ ಮೀನು ಸತ್ತದ್ದು ಒಮ್ಮೆಯಲ್ಲ, ಹಲವು ಬಾರಿ. ಪಂಜರದ ಮೀನಿಗೆ ಓಡಿಹೋಗಲು ದಾರಿಯೂ ಇಲ್ಲ. ಹಣವಂತ ಮತ್ತೆ ಮರಿ ಬಿಡಬಲ್ಲ. ಸಾಲ ಮಾಡಿದ ಬಡವ ಏಳಲಾರ.

ನಷ್ಟ ಅಲ್ಲಿಗೇ ನಿಲ್ಲದು. ಕೆಟ್ಟ ನೀರು ವಿದ್ಯುತ್ ಕೇಂದ್ರದ ಲೋಹದ ಭಾಗಗಳನ್ನು ತಿನ್ನುತ್ತದೆ. ಕೆಳಗಿನ ಜಾತಿಲುಹೂರ್ ನೀರೇ ಕಾಲುವೆಯಲ್ಲಿ ಹರಿದು ಜಕಾರ್ತಾ ನಗರಕ್ಕೆ ಕುಡಿಯಲು ಹೋಗುತ್ತದೆ.

ಎಲ್ಲ ತಪ್ಪನ್ನೂ ಮೀನುಗಾರರ ಮೇಲೆ ಹೊರಿಸುವುದು ನ್ಯಾಯವಲ್ಲ. ಬಾಂಡುಂಗ್ ಸುತ್ತಲಿನ ಜವಳಿ ಕಾರ್ಖಾನೆಗಳ ತ್ಯಾಜ್ಯ, ಪಟ್ಟಣಗಳ ಚರಂಡಿ ನೀರು ಕೂಡ ಇದೇ ನದಿಗೆ ಸೇರುತ್ತವೆ. 2018ರಲ್ಲಿ ಅಲ್ಲಿನ ಸರ್ಕಾರ ನದಿ ಶುದ್ಧೀಕರಣಕ್ಕೆ ದೊಡ್ಡ ಕಾರ್ಯಕ್ರಮ ಕೈಗೊಂಡು ಪಂಜರಗಳನ್ನೂ ತೆಗೆಸತೊಡಗಿತು. ಮೊದಲೇ ಎಣಿಸಿದ್ದರೆ ಕೀಳುವ ಪ್ರಸಂಗ ಬರುತ್ತಿರಲಿಲ್ಲ.

ಇದು ನಮಗೇಕೆ? ನಮ್ಮ ದೇಶದಲ್ಲೂ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಜಲಾಶಯಗಳ ಪಂಜರ ಸಾಕಣೆಗೆ ಸಹಾಯಧನ ನೀಡಿದೆ. ಇದು ಸ್ವಾಗತಾರ್ಹ, ಉದ್ಯೋಗವೂ ಬೇಕು, ಪೌಷ್ಟಿಕ ಆಹಾರವೂ ಬೇಕು. ಆದರೆ ನಿಮ್ಮ ಊರಿನ ಹಿನ್ನೀರಿಗೆ ಪಂಜರ ಬಂದಾಗ ಮೂರು ಪ್ರಶ್ನೆ ಕೇಳಿ. ಈ ನೀರು ಎಷ್ಟು ಪಂಜರ ತಾಳುತ್ತದೆ? ತಳದ ಆಮ್ಲಜನಕವನ್ನು ಯಾರು, ಎಷ್ಟು ದಿನಕ್ಕೊಮ್ಮೆ ಅಳೆಯುತ್ತಾರೆ? ಮುಳುಗಡೆಯಾದವರಿಗೆ ಮೊದಲ ಪಾಲು ಸಿಗುತ್ತದೆಯೇ?

ಈ ಪ್ರಶ್ನೆ ಕೇಳಲು ದೊಡ್ಡ ಪದವಿ ಬೇಕಿಲ್ಲ. ಹತ್ತನೇ ತರಗತಿಯ ವಿಜ್ಞಾನ ಸಾಕು. ನೀವು ಕಲಿತದ್ದು ಪರೀಕ್ಷೆಯ ಹಾಳೆಯಲ್ಲಿ ಮುಗಿಯದೆ ಊರಿನ ನೀರಿಗೂ ಕಾವಲಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.